ಗುಜರಿಗೆ ಹಾಕುವ ಮೊದಲು ಬೋರ್ಡನ್ನು ಒಮ್ಮೆ ತೊಳೆದು ನೋಡ್ರಿ

ಗಡಿ ಸೀಮೆಯ ಮಂಡಿ ಮಾಲೀಕರಿಗೆ, ಪ್ರೆಸ್ಸಿನವರಿಗೆ, ಶಾಲೆಯ ಹೆಡ್‌ಮಾಸ್ತರರಿಗೆ, ಸಂಘದ ಕಾರ್ಯದರ್ಶಿಗಳಿಗೆ ನನ್ನದೊಂದು ಮನವಿ. ನಿಮ್ಮ ಅಟ್ಟದ ಮೇಲೋ ಬೀರುವಿನ ಹಿಂದೋ ಧೂಳು ತಿನ್ನುತ್ತ ಕೂತಿರುವ ಹಳೇ ಕಂಪ್ಯೂಟರನ್ನು ಈ ದೀಪಾವಳಿಗೆ ಸುಣ್ಣ ಬಳಿಯುವಾಗ ತಕ್ಕಡಿಗೆ ಹಾಕಬೇಡಿ. 1990ರ ದಶಕದಲ್ಲಿ ಒಂದು ಜೊತೆ ಒಳ್ಳೇ ಎತ್ತಿಗಿಂತ ಹೆಚ್ಚು ದುಡ್ಡು ಕೊಟ್ಟು ತಂದ ಪೆಟ್ಟಿಗೆ ಅದು. ಆಗ ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಒಳಗೆ ಕರಕೊಂಡ ನಾವೇ ಈಗ ಕಿಲೋ ಲೆಕ್ಕದಲ್ಲಿ ಹೊರಗೆ ಹಾಕುತ್ತಿದ್ದೇವೆ.

ನಮ್ಮ ಸೀಮೆಯ ತೆಲುಗಿನಲ್ಲಿ ಒಂದು ಗಾದೆ ಇದೆ, ‘ಪಾತ ಒಕ ರೋತ, ಕೊತ್ತ ಒಕ ವಿಂತ’ ಅಂತ. ಹಳೆಯದೆಂದರೆ ಹೇಸಿಗೆ, ಹೊಸದೆಂದರೆ ಬೆರಗು. ಜನರ ಬುದ್ಧಿಯನ್ನು ಆಡಿಕೊಳ್ಳಲಿಕ್ಕೆ ಹುಟ್ಟಿದ ಮಾತು ಅದು. ನಾವು ಅದನ್ನೇ ಉಪದೇಶ ಅಂತ ತಿಳಕೊಂಡು ನಡೀತಾ ಇದ್ದೇವೆ.

ನನ್ನ ವಾದ ದೊಡ್ಡದೇನಲ್ಲ. ‘ಹೋಯ್ತು, ಸತ್ತೋಯ್ತು’ ಅಂತ ನಾವು ಕೈಬಿಟ್ಟ ಎಷ್ಟೋ ಹಳೇ ಮದರ್‌ಬೋರ್ಡುಗಳು ಸತ್ತಿಲ್ಲ. ಅವಕ್ಕೆ ಬಂದಿರುವುದು ಮದ್ದಿರುವ ರೋಗ. ಆ ಮದ್ದು ನಮ್ಮೂರ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ಅಡಿಗೆ ಮನೆಯಲ್ಲಿ ಸಿಗುತ್ತದೆ. ಬೋರ್ಡು ಉಳಿದರೆ ಅದರ ಜೊತೆ ಇನ್ನೇನೋ ಉಳಿಯುತ್ತದೆ. ಅದಕ್ಕಾಗಿಯೇ ಈ ಬರೆಹ.

ನಾನು ಹೊಲದವನು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು, ಆಮೇಲೆ ಶೇಂಗಾ ಬಿತ್ತಲಿಕ್ಕೆ ಬಂದವನು. ಕನ್ನಡದಲ್ಲೂ ತೆಲುಗಿನಲ್ಲೂ ಪದ್ಯ ಕಟ್ಟುವ ಚಟ ಇದೆ. ಕಂಪ್ಯೂಟರ್ ಕಲಿತ ಎಂಜಿನಿಯರ್ ಅಲ್ಲ. ಆದರೆ ಮೂವತ್ತು ವರ್ಷದಿಂದ ಬೋರ್‌ವೆಲ್ ಪಂಪು, ಸ್ಟಾರ್ಟರು, ಟ್ರ್ಯಾಕ್ಟರು ಇವುಗಳ ರೋಗ ಹುಡುಕಿದವನಿಗೆ ಬೋರ್ಡಿನ ರೋಗ ಹುಡುಕುವ ದಾರಿ ಹೊಸದೇನಲ್ಲ.

ಪೆಟ್ಟಿಗೆಯ ಒಳಗೆ ಏನಿದೆ?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಅಂದಿನಿಂದ ನಮ್ಮ ಕಂದಾಯದ ರಸೀದಿ ತೆಲುಗಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಲಗ್ನಪತ್ರಿಕೆ ಒಂದು ಮಗ್ಗಲು ಕನ್ನಡ, ಒಂದು ಮಗ್ಗಲು ತೆಲುಗು. ಕನ್ನಡ ಶಾಲೆಯ ವಾರ್ಷಿಕೋತ್ಸವದ ಪುಸ್ತಕ, ಜಾತ್ರೆಯ ಕರಪತ್ರ, ಸಂಘದ ಸ್ಮರಣ ಸಂಚಿಕೆ, ಹರಿಕಥೆ, ಬಯಲಾಟದ ಮಾತುಗಾರಿಕೆ ಇವೆಲ್ಲ ಅಚ್ಚಾದದ್ದು ಬೆಂಗಳೂರಿನಲ್ಲಿ ಅಲ್ಲ. ನಮ್ಮ ಊರಿನ ಸಣ್ಣ ಸಣ್ಣ ಪ್ರೆಸ್ಸುಗಳಲ್ಲಿ. ಮೊಳೆ ಜೋಡಿಸುವ ಕಾಲ ಹೋಗಿ ಕಂಪ್ಯೂಟರ್ ಬಂದದ್ದೇ ತಡ, ಅವೆಲ್ಲ ಆ ಪೆಟ್ಟಿಗೆಯೊಳಗೆ ಹೋಗಿ ಕೂತವು. ಅಚ್ಚಾದ ಇನ್ನೂರು ಮುನ್ನೂರು ಪ್ರತಿಗಳು ಗೆದ್ದಲಿಗೂ ಮಳೆಗೂ ಹೋದವು. ಮೂಲ ಪ್ರತಿ ಉಳಿದಿದ್ದರೆ ಅದು ಹಾರ್ಡ್ ಡಿಸ್ಕಿನಲ್ಲಿ, ಇಲ್ಲ ಫ್ಲಾಪಿಯಲ್ಲಿ.

‘ಡಿಸ್ಕು ಬಿಚ್ಚಿ ಹೊಸ ಲ್ಯಾಪ್‌ಟಾಪಿಗೆ ಹಾಕಿದರಾಯ್ತಲ್ಲ, ಹಳೇ ಬೋರ್ಡು ಯಾಕೆ?’ ಅಂತ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಎರಡಿದೆ. ಒಂದು, 1990ರ ದಶಕದ ಮೊದಲ ಭಾಗದ ಸಣ್ಣ ಡಿಸ್ಕುಗಳನ್ನು ಈಗಿನ ಯುಎಸ್‌ಬಿ ಅಡಾಪ್ಟರುಗಳಲ್ಲಿ ಎಷ್ಟೋ ಗುರುತೇ ಹಿಡಿಯುವುದಿಲ್ಲ. ಆ ಡಿಸ್ಕಿಗೆ ತನ್ನ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ ಹೇಳಿ ಮಾತಾಡಿಸುವ ಹಳೇ ಯಜಮಾನನೇ ಬೇಕು. ಎರಡು, ಆ ಕಾಲದಲ್ಲಿ ಭಾರತೀಯ ಭಾಷೆ ಬರೆಯಲಿಕ್ಕೆ ಎಷ್ಟೋ ಕಡೆ ಜಿಸ್ಟ್ ಕಾರ್ಡ್ ಅನ್ನುವ ಬೇರೆಯೇ ಹಲಗೆಯನ್ನು ಮದರ್‌ಬೋರ್ಡಿನ ಐಎಸ್‌ಎ ಗಾಡಿಗೆ ಸಿಕ್ಕಿಸುತ್ತಿದ್ದರು. ಆ ಗಾಡಿ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಕೆಲವು ಡಿಟಿಪಿ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಒಂದು ಬೀಗ ಸಿಕ್ಕಿಸದೆ ತೆರೆಯುತ್ತಲೇ ಇರಲಿಲ್ಲ. ಬೀಗಕ್ಕೆ ತಕ್ಕ ಬಾಗಿಲೂ ಈಗ ಇಲ್ಲ.

ಜಿಸ್ಟ್ ಅಂದೆನಲ್ಲ, ಅದರ ಬಗ್ಗೆ ಗಡಿನಾಡಿನವರು ತಿಳಿಯಲೇಬೇಕಾದ ಮಾತೊಂದಿದೆ. ಐಐಟಿ ಕಾನ್ಪುರದಲ್ಲಿ ಮೊಳಕೆಯೊಡೆದು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಆ ವಿದ್ಯೆಯಲ್ಲಿ ಅಕ್ಷರಗಳಿಗೆ ಕೊಟ್ಟ ಸಂಕೇತದ ಹೆಸರು ಇಸ್ಕಿ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರಲ್ಲಿ ಕನ್ನಡದ ‘ಕ’ಕ್ಕೂ 179, ತೆಲುಗಿನ ‘ಕ’ಕ್ಕೂ 179. ಡಿಸ್ಕಿನಲ್ಲಿ ಕೂತ ಅಂಕಿಗೆ ಭಾಷೆಯ ಗಡಿ ಇಲ್ಲ. ಕಾರ್ಡಿನಲ್ಲಿ ಲಿಪಿ ಬದಲಿಸಿದರೆ ಸಾಕು, ಅದೇ ಸಾಲು ಕನ್ನಡದಿಂದ ತೆಲುಗು ಅಕ್ಷರಕ್ಕೆ ತಿರುಗಿ ನಿಲ್ಲುತ್ತಿತ್ತು. ನಮ್ಮಂಥ ಎರಡು ನಾಲಗೆಯವರಿಗೆ ಅದಕ್ಕಿಂತ ಸೊಗಸಾದ ಯಂತ್ರ ಆ ಮೇಲೆ ಬಂದಿಲ್ಲ ಅಂತೀನಿ. ಈಗಿನ ಯೂನಿಕೋಡಿನಲ್ಲೂ ತೆಲುಗಿನ 128 ಮನೆಗಳು ಮುಗಿದ ಕೂಡಲೇ ಕನ್ನಡದ 128 ಮನೆಗಳು ಶುರು. ಅಲ್ಲೂ ನಾವು ಅಕ್ಕಪಕ್ಕದವರೇ.

ಪಂಪಿನ ಪಾಠ

ಬೋರಿನಲ್ಲಿ ನೀರು ಬರಲಿಲ್ಲ ಅಂದರೆ ತಿಳಿದ ರೈತ ಮೊದಲೇ ಪೈಪು ಎತ್ತಿಸುವುದಿಲ್ಲ. ಮೂರು ಫೇಸ್ ಬಂದಿದೆಯಾ ನೋಡುತ್ತಾನೆ. ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರು, ಆಮೇಲೆ ಕೇಬಲ್ಲು. ಎಲ್ಲ ಸರಿಯಿದ್ದರೆ ಮಾತ್ರ ಮೋಟರಿನ ಮೇಲೆ ಅನುಮಾನ. ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ ಹೋಗಬೇಕು. ಬೋರ್ಡಿಗೂ ಇದೇ ಕ್ರಮ. ಈ ಕ್ರಮ ಬಿಟ್ಟು ಪ್ರೊಸೆಸರ್ ಹೋಗಿದೆ, ಬೋರ್ಡ್ ಹೋಗಿದೆ ಅನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲು ಕಣ್ಣು. ಪೆಟ್ಟಿಗೆ ಬಿಚ್ಚಿ, ಕರೆಂಟು ಕೊಡದೆ ಬೆಳಕಿನಲ್ಲಿ ನೋಡಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರಕ್ಕೆ ‘ನೋಡೋಣ ತಡಿ’ ಅಂತ ಸ್ವಿಚ್ ಹಾಕಬಾರದು. ಇಲಿ ಉಚ್ಚೆ, ಜೇಡರ ಬಲೆ, ಬೋರ್ಡಿನ ಕೆಳಗೆ ಬಿದ್ದ ಸ್ಕ್ರೂ, ಇವು ಸಾಕು ಇದ್ದದ್ದನ್ನೂ ಸುಡಲಿಕ್ಕೆ.

ಎರಡನೇದು ಪವರ್ ಸಪ್ಲೈ. ಅದರ ಪೆಟ್ಟಿಗೆಯನ್ನು ಮಾತ್ರ ತಿಳಿಯದವರು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕೂತಿರಬಹುದು. ಹೊರಗಿನಿಂದ ಅಳೆದರೆ ಸಾಕು. ಕೆಂಪು ತಂತಿಗೆ 5 ವೋಲ್ಟು, ಹಳದಿಗೆ 12, ನೀಲಿಗೆ ಮೈನಸ್ 12, ಬಿಳಿಗೆ ಮೈನಸ್ 5. ಕೆಂಪಿನಲ್ಲಿ 4.75ಕ್ಕಿಂತ ಕಡಿಮೆ ಬಂದರೆ ರೋಗ ಬೋರ್ಡಿನದೋ ಸಪ್ಲೈಯದೋ ಅಂತ ಮೊದಲು ಬೇರೆ ಮಾಡಬೇಕು. ಹಳೇ ಸಪ್ಲೈ ಖಾಲಿ ಓಡುವುದಿಲ್ಲ, ಅಳೆಯುವಾಗ ಅದಕ್ಕೊಂದು ಕೆಟ್ಟ ಹಾರ್ಡ್ ಡಿಸ್ಕಿನ ಭಾರ ಕೊಡಬೇಕು. ಆ ಕಾಲದ ಬೋರ್ಡಿಗೆ ಆರಾರು ತಂತಿಯ ಎರಡು ಕನೆಕ್ಟರ್ ಹೋಗುತ್ತವೆ. ಎರಡರ ಕಪ್ಪು ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕು. ಅದಲು ಬದಲಾದರೆ ಬೋರ್ಡಿಗೆ ಅದೇ ಕೊನೇ ದಿನ. ಕಪ್ಪು ಕಪ್ಪು ಕೂಡಿರಲಿ ಅಂತ ನೆನಪಿಟ್ಟರೆ ಸಾಕು.

ಚೌಳು ಹತ್ತಿದ ಬೋರ್ಡು

386, 486 ಕಾಲದ ಬೋರ್ಡುಗಳ ದೊಡ್ಡ ರೋಗ ಬೇರೆಯೇ ಇದೆ. ರೈತರಿಗೆ ಅದು ಕೂಡಲೇ ಅರ್ಥವಾಗುತ್ತದೆ. ದಿನಾಂಕ, ಗಂಟೆ, ಡಿಸ್ಕಿನ ಲೆಕ್ಕ ಮರೆಯದಿರಲಿ ಅಂತ ಬೋರ್ಡಿನ ಮೇಲೆ ಒಂದು ಪುಟ್ಟ ಪೀಪಾಯಿಯಂಥ ನೀಲಿಯದೋ ಹಸಿರಿನದೋ ಬ್ಯಾಟರಿ ಬೆಸೆದಿರುತ್ತಾರೆ. 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಹತ್ತು ಹದಿನೈದು ವರ್ಷ ಕಳೆದರೆ ಅದರೊಳಗಿನ ರಸ ಸೋರುತ್ತದೆ. ಆ ರಸ ಆಮ್ಲವಲ್ಲ, ಕ್ಷಾರ. ಅಂದರೆ ಬೋರ್ಡಿಗೆ ಚೌಳು ಹತ್ತುತ್ತದೆ! ಹೊಲದಲ್ಲಿ ಚೌಳು ಹೇಗೆ ಒಂದು ಮೂಲೆಯಿಂದ ಬಿಳಿ ಬಿಳಿಯಾಗಿ ಹರಡುತ್ತದೋ ಹಾಗೇ ಇಲ್ಲೂ ಹಸಿರು ಬಿಳಿ ಪುಡಿ ಹರಡಿ ಕೂದಲೆಳೆಯಂಥ ತಾಮ್ರದ ದಾರಿಗಳನ್ನು ತಿನ್ನುತ್ತದೆ. ಬ್ಯಾಟರಿ ಇರುವುದು ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ಟಿನ ಹತ್ತಿರ. ಅದಕ್ಕೇ ಮೊದಲ ಪೆಟ್ಟು ಕೀಬೋರ್ಡ್ ಚಿಪ್ಪಿಗೂ ಪಕ್ಕದ ಗಾಡಿಗಳಿಗೂ.

ಮದ್ದು ಅಡಿಗೆ ಮನೆಯದು. ಮೊದಲು ಬ್ಯಾಟರಿಯನ್ನು ಕತ್ತರಿಸಿ ತೆಗೆಯಬೇಕು. ಬೋರ್ಡು ಚೆನ್ನಾಗಿ ಓಡುತ್ತಿದ್ದರೂ ತೆಗೆಯಬೇಕು, ಇವತ್ತಲ್ಲ ನಾಳೆ ಅದು ಸೋರುವುದೇ. ಕ್ಷಾರಕ್ಕೆ ಹುಳಿ ಶತ್ರು. ವಿನೆಗರನ್ನೋ ನಿಂಬೆರಸವನ್ನೋ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ನೊರೆಯೊಡೆಯುತ್ತದೆ. ನಮ್ಮ ಹೆಂಗಸರು ಹುಣಸೆಹಣ್ಣು ಹಾಕಿ ತಾಮ್ರದ ಬಿಂದಿಗೆ ತಿಕ್ಕುವುದಿಲ್ಲವೆ, ಅದೇ ಜಾತಿಯ ಕೆಲಸ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಹುಳಿ ಉಳಿದರೂ ಕೇಡೇ.

ಒಣಗಿದ ಮೇಲೆ ಮಲ್ಟಿಮೀಟರನ್ನು ಬಜರಿಗಿಟ್ಟು ಒಂದೊಂದೇ ದಾರಿ ಮುಟ್ಟುತ್ತ ಹೋಗಬೇಕು. ಕಾಲುವೆ ಎಲ್ಲಿ ಒಡೆದಿದೆ ಅಂತ ಬದುವಿನ ಮೇಲೆ ನಡೆದು ನೋಡುತ್ತೇವಲ್ಲ, ಹಾಗೆ. ಕೂಗು ನಿಂತ ಕಡೆ ದಾರಿ ತುಂಡಾಗಿದೆ ಅಂತ ಅರ್ಥ. ಅಲ್ಲಿ ಹಸಿರು ಬಣ್ಣ ಕೆರೆದು, ಫ್ಯಾನ್ ವೈಂಡಿಂಗಿನ ತೆಳು ತಂತಿಯ ಎರಡು ತುದಿಯ ವಾರ್ನಿಷ್ ಕೆರೆದು ಬೆಸೆದರೆ ಸೇತುವೆ ಆಯಿತು. ಹೊಸ ಬ್ಯಾಟರಿ ಬೋರ್ಡಿನ ಮೇಲೆ ಬೇಡ, ತಂತಿ ಎಳೆದು ದೂರದಲ್ಲಿಡಿ. ಬೋರ್ಡು ಹಳೇ ಬ್ಯಾಟರಿಗೆ ಚಾರ್ಜು ಕೊಡುತ್ತಿತ್ತು. ನಾಣ್ಯದಂಥ ಲಿಥಿಯಂ ಸೆಲ್ಲಿಗೆ ಚಾರ್ಜು ಹೋದರೆ ಅಪಾಯ. ಆದ್ದರಿಂದ ನಡುವೆ ಒಂದು ಡಯೋಡ್ ಇರಲೇಬೇಕು.

ಇನ್ನು ಕೆಪಾಸಿಟರುಗಳ ಮಾತು. 486 ಬೋರ್ಡಿನಲ್ಲಿ ಹಳದಿ ಕಾಳಿನಂಥ ಟ್ಯಾಂಟಲಂ ಕೆಪಾಸಿಟರುಗಳಿರುತ್ತವೆ. ಕೆಟ್ಟರೆ ಇವು ಒಳಗೊಳಗೇ ಶಾರ್ಟ್ ಆಗುತ್ತವೆ, ಕೆಲವು ಪಟಾಕಿಯಂತೆ ಸಿಡಿಯುತ್ತವೆ. ಸುಮಾರು 1999ರಿಂದ 2007ರವರೆಗಿನ ಬೋರ್ಡುಗಳದ್ದು ಬೇರೆ ಕಥೆ. ಆ ಕಾಲದಲ್ಲಿ ಕೆಟ್ಟ ರಸದ ಡಬ್ಬಿ ಕೆಪಾಸಿಟರುಗಳು ಜಗತ್ತಿಗೆಲ್ಲ ಹಂಚಿಹೋದವು. ತಲೆ ಉಬ್ಬಿ, ಕಂದು ರಸ ಒಸರುವ ಡಬ್ಬಿ ಕಂಡರೆ ಅದೇ ರೋಗ. ಸಿಂಗಲ್ ಫೇಸ್ ಪಂಪಿನ ಕೆಪಾಸಿಟರ್ ಉಬ್ಬಿದರೆ ಬದಲಿಸಲಿಕ್ಕೆ ನಾವು ಯಾರನ್ನೂ ಕೇಳುವುದಿಲ್ಲ. ಇಲ್ಲಿ ಮಾತ್ರ ಯಾಕೆ ಹೆದರಿಕೆ? ಗಮನ ಇಡಬೇಕಾದದ್ದು ಒಂದೇ. ಡಬ್ಬಿ ಕೆಪಾಸಿಟರಿನ ಪಟ್ಟೆ ಮೈನಸ್ ಕಡೆಯದು, ಟ್ಯಾಂಟಲಮ್ಮಿನ ಪಟ್ಟೆ ಪ್ಲಸ್ ಕಡೆಯದು.

ಒಂದು ಉದಾಹರಣೆ

ಬರೀ ಬಾಯಿ ಮಾತಾಗಬಾರದು ಅಂತ ನಡೆದದ್ದೊಂದನ್ನು ಹೇಳುತ್ತೇನೆ. ನಮ್ಮ ಕಡೆಯ ಒಂದು ಪ್ರೆಸ್ಸಿನಲ್ಲಿ 1995ರಲ್ಲಿ ತಂದ 486 ಯಂತ್ರವಿತ್ತು. 2004ರ ಹೊತ್ತಿಗೆ ಅಟ್ಟ ಹತ್ತಿತ್ತು. ಪ್ರೆಸ್ಸಿನ ಯಜಮಾನರು ತೀರಿಕೊಂಡ ಮೇಲೆ ಮಗ ಗುಜರಿಗೆ ಹಾಕಲಿಕ್ಕೆ ಇಳಿಸಿದ್ದ. ಅದನ್ನು ಕೇಳಿ ತಂದು ನನ್ನ ಸೋದರಳಿಯನ ಮೊಬೈಲ್ ರಿಪೇರಿ ಅಂಗಡಿಯಲ್ಲಿಟ್ಟೆ. ‘ಮಾವ, ಇದು ನನ್ನ ವಯಸ್ಸಿಗಿಂತ ದೊಡ್ಡದೈತೆ’ ಅಂದ ಅವನು. ‘ದೊಡ್ಡವರಿಗೆ ಮರ್ಯಾದೆ ಕೊಟ್ಟು ಕೆಲಸ ಮಾಡಪ್ಪಾ’ ಅಂದೆ.

ಬ್ಯಾಟರಿ ಸೋರಿತ್ತು. ತೊಳೆದು ಒಣಗಿಸಿ ಕರೆಂಟು ಕೊಟ್ಟರೆ ಸಪ್ಲೈಯ ಫ್ಯಾನು ಒಂದು ಗೇಣು ತಿರುಗಿ ನಿಂತಿತು. ಸಪ್ಲೈ ಕೆಟ್ಟಿರಬೇಕು ಅನ್ನುವುದು ಯಾರಿಗಾದರೂ ಬರುವ ಅನುಮಾನ. ಬೋರ್ಡು ಬಿಡಿಸಿ ಬರೀ ಡಿಸ್ಕಿನ ಭಾರ ಕೊಟ್ಟಾಗ ಅದೇ ಸಪ್ಲೈ ಸರಿಯಾಗಿ ಓಡಿತು. ಹಾಗಾದರೆ ಬೋರ್ಡಿನಲ್ಲಿ ಎಲ್ಲೋ ಶಾರ್ಟು, ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳಲಿಕ್ಕೆ ನಿಲ್ಲುತ್ತಿದೆ. ಕರೆಂಟು ತೆಗೆದು, ಬೋರ್ಡಿನ ಕನೆಕ್ಟರಿನಲ್ಲಿ ಹಳದಿ ತಂತಿ ಬರುವ ಮುಳ್ಳಿಗೂ ಕಪ್ಪು ಬರುವ ಮುಳ್ಳಿಗೂ ಮೀಟರ್ ಹಿಡಿದರೆ ಓಮ್ ಸೊನ್ನೆಯ ಹತ್ತಿರ. 12 ವೋಲ್ಟಿನ ದಾರಿಯಲ್ಲಿದ್ದ ಟ್ಯಾಂಟಲಂ ಕಾಳುಗಳನ್ನು ಒಂದೊಂದಾಗಿ ಎತ್ತಿದಾಗ ಎರಡನೇದರಲ್ಲೇ ಶಾರ್ಟು ಬಿಟ್ಟಿತು. 16 ವೋಲ್ಟಿನ ಆ ಕಾಳಿನ ಜಾಗದಲ್ಲಿ 25 ವೋಲ್ಟಿನದು ಕೂಡಿಸಿದೆವು. ಫ್ಯಾನು ತಿರುಗಿತು.

ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಆದರೆ ಯಂತ್ರ ಮೂಕವಾಗಿರಲಿಲ್ಲ. ಸಣ್ಣ ಸ್ಪೀಕರಿನಲ್ಲಿ ಆರು ಸಲ ಕೂಗಿತು. ಹಳೇ ಬೋರ್ಡಿಗೆ ಬಾಯಿ ಇದೆ ನೋಡ್ರಿ, ನಮಗೆ ಕಿವಿ ಇರಬೇಕಷ್ಟೆ. ಎಎಂಐ ಕಂಪನಿಯ ಬಯಾಸ್ ಇರುವ ಬೋರ್ಡು ಮೂರು ಸಲ ಕೂಗಿದರೆ ಮೆಮೊರಿಯ ಮೊದಲ 64 ಕೆಬಿಯಲ್ಲಿ ದೋಷ, ಎಂಟು ಸಲ ಕೂಗಿದರೆ ಪರದೆ ಕಾರ್ಡಿನ ಮೆಮೊರಿಯಲ್ಲಿ, ಆರು ಸಲವಾದರೆ ಕೀಬೋರ್ಡ್ ಚಿಪ್ಪಿನ ಕಡೆ. ಬೇರೆ ಕಂಪನಿಯ ಬಯಾಸಿಗೆ ಬೇರೆ ಲೆಕ್ಕ. ಬ್ಯಾಟರಿ ಸೋರಿದ್ದು ಅದೇ ಚಿಪ್ಪಿನ ಪಕ್ಕ. ಕೂಗೂ ಕಲೆಯೂ ಒಂದೇ ಕಡೆ ಬೆರಳು ತೋರಿದವು. ಮೂರು ದಾರಿಗಳು ತುಂಡಾಗಿದ್ದವು. ಮೂರಕ್ಕೂ ವೈಂಡಿಂಗ್ ತಂತಿಯ ಸೇತುವೆ ಹಾಕಿದಾಗ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಗಡಿಯಾರ ಮರೆತಿದೆ, ಡಿಸ್ಕಿನ ಲೆಕ್ಕ ಮರೆತಿದೆ ಅನ್ನುವ ತಕರಾರು ಅದು. ಡಿಸ್ಕಿನ ಚೀಟಿಯ ಮೇಲಿದ್ದ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಬರೆದುಕೊಟ್ಟ ಮೇಲೆ ಡಿಸ್ಕೂ ಎದ್ದಿತು.

ಒಳಗೆ ಸಿಕ್ಕಿದ್ದು ಒಬ್ಬ ಕನ್ನಡ ಮಾಸ್ತರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಸೋಬಾನೆ ಪದಗಳು. 1997ರಲ್ಲಿ ಪುಸ್ತಕ ಮಾಡಬೇಕೆಂದು ಅಕ್ಷರ ಜೋಡಿಸಿ, ದುಡ್ಡು ಸಾಲದೆ ನಿಂತುಹೋದದ್ದು. ಮಾಸ್ತರು ಈಗಿಲ್ಲ, ಅವರ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿದೆ. ಹಾಡಿದ ಮುದುಕಿಯರಲ್ಲಿ ಯಾರೂ ಉಳಿದಿಲ್ಲ. ಅವರ ಬಾಯಲ್ಲಿ ಕನ್ನಡದ ಸಾಲಿಗೆ ತೆಲುಗಿನ ಪಲ್ಲವಿ ಸೇರಿಕೊಂಡ ಪದಗಳೂ ಅಲ್ಲಿವೆ. ಅಂಥವನ್ನು ಬೆಂಗಳೂರಿನವರೂ ಕೂಡಿಸಿಲ್ಲ, ಹೈದರಾಬಾದಿನವರೂ ಕೂಡಿಸಿಲ್ಲ. ಫ್ಲಾಪಿಗೆ ಇಳಿಸಿ, ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ಲ್ಯಾಪ್‌ಟಾಪಿಗೆ ತಂದು, ಇಸ್ಕಿಯಿಂದ ಯೂನಿಕೋಡಿಗೆ ತಿರುಗಿಸಿದ್ದಾಯಿತು. ಯೂನಿಕೋಡಿನ ನಮ್ಮ ಅಕ್ಷರಗಳ ಸಾಲು ಇಸ್ಕಿಯ ಜೋಡಣೆಯನ್ನೇ ಹಿಡಿದು ಬಂದದ್ದರಿಂದ ಆ ಕೆಲಸ ಸಲೀಸು. ಒಂದು ರೂಪಾಯಿಯ ಕಾಳಿನಂಥ ವಸ್ತು ಕೆಟ್ಟದ್ದಕ್ಕೆ, ಮೂರು ಕೂದಲೆಳೆಯ ದಾರಿ ತುಂಡಾದದ್ದಕ್ಕೆ ಅಷ್ಟೂ ಪದ ಗುಜರಿ ಪಾಲಾಗಲಿಕ್ಕೆ ಹೊರಟಿದ್ದವು.

ಆಕ್ಷೇಪಣೆಗಳಿಗೆ ಉತ್ತರ

ವ್ಯಾಪಾರಸ್ಥರು ಕೇಳುವ ಪ್ರಶ್ನೆ ನನಗೆ ಗೊತ್ತು. ‘ಇದರಿಂದ ಲಾಭ ಏನ್ರೀ?’ ನೇರವಾಗಿ ಹೇಳುತ್ತೇನೆ, ಆ ಯಂತ್ರದಿಂದ ಇನ್ನು ದುಡಿಮೆ ಆಗುವುದಿಲ್ಲ. ಹೊಸ ಲೆಕ್ಕ ಬರೆಯಲಿಕ್ಕೆ, ಜಿಎಸ್‌ಟಿ ಕಟ್ಟಲಿಕ್ಕೆ ಅದು ಬಾರದು. ಎಲ್ಲ ಬೋರ್ಡನ್ನೂ ಉಳಿಸಿ ಅಂತಲೂ ನಾನು ಹೇಳುವುದಿಲ್ಲ. ಒಳಪದರದವರೆಗೆ ತಿಂದುಹೋದ ಬೋರ್ಡು, ಮುಖ್ಯ ಚಿಪ್ಪೇ ಸುಟ್ಟ ಬೋರ್ಡು ಇವಕ್ಕೆ ಸಮಯ ಸುರಿಯುವುದು ಬರಡೆಮ್ಮೆಗೆ ಹಿಂಡಿ ಹಾಕಿದ ಹಾಗೆ. ಆದರೆ ಒಳಗಿನ ಮಾಲು ಹೊರಗೆ ಬರುವ ತನಕ ಅದು ಓಡಬೇಕು. ಅಣ್ಣ ತಮ್ಮಂದಿರ ಭಾಗದಲ್ಲಿ ಹಳೇ ಮಂಡಿ ಲೆಕ್ಕ ಬೇಕಾದಾಗ, ಗುತ್ತಿಗೆಯ ಕರಾರಿನ ಪ್ರತಿ ಬೇಕಾದಾಗ ಅದರ ಬೆಲೆ ತಕ್ಕಡಿಯದಲ್ಲ.

ಎರಡನೇ ಆಕ್ಷೇಪಣೆ ಹುಡುಗರದು. ಹಳೇ ಯಂತ್ರದಂತೆ ನಟಿಸುವ ತಂತ್ರಾಂಶ ಹೊಸ ಲ್ಯಾಪ್‌ಟಾಪಿನಲ್ಲೇ ಸಿಗುತ್ತದೆ ಅಂತಾರೆ. ಸಿಗುತ್ತದೆ, ಒಳ್ಳೆಯದೇ. ಬರೀ ಡಾಸ್ ತಂತ್ರಾಂಶಕ್ಕೆ ಅದು ಸಾಕು. ಆದರೆ ಡಿಸ್ಕಿನಿಂದ ಕಡತ ಹೊರಬಂದ ಮೇಲೆ ತಾನೆ ಅದರ ಉಪಯೋಗ? ಕೈಯಲ್ಲಿ ಹಿಡಿಯುವ ಕಾರ್ಡಿಗೆ, ಬೀಗಕ್ಕೆ ನಟನೆಯ ಯಂತ್ರದಲ್ಲಿ ಜಾಗ ಎಲ್ಲಿದೆ?

ಮೂರನೇದು ಎಲ್ಲಕ್ಕಿಂತ ದೊಡ್ಡದು. ‘ರಿಪೇರಿ ಯಾರು ಮಾಡ್ತಾರ್ರೀ ಈ ಕಾಲದಲ್ಲಿ? ಬೋರ್ಡ್ ಚೇಂಜ್ ಅಷ್ಟೇ.’ ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 1981ರಲ್ಲಿ ಐಬಿಎಂ ಕಂಪನಿ ತನ್ನ ಪಿಸಿ ಬಿಡುಗಡೆ ಮಾಡಿದಾಗ ತಾಂತ್ರಿಕ ಕೈಪಿಡಿಯಲ್ಲಿ ಬೋರ್ಡಿನ ಪೂರ್ತಿ ಸರ್ಕ್ಯೂಟ್ ನಕ್ಷೆಯನ್ನೂ ಬಯಾಸಿನ ಬರಹವನ್ನೂ ಅಚ್ಚು ಹಾಕಿತ್ತು. ನಾನು ಕೂತಿದ್ದ ಅಂಗಡಿಗೆ ಬರುತ್ತಿದ್ದ ಎಷ್ಟೋ ರೇಡಿಯೋಗಳ ಮರದ ಪೆಟ್ಟಿಗೆಯ ಒಳಗೆ ನಕ್ಷೆ ಅಂಟಿಸಿಯೇ ಇರುತ್ತಿತ್ತು. ಮಾರಿದವನು ನಕ್ಷೆಯನ್ನೂ ಕೊಡುತ್ತಿದ್ದ, ಅಂದರೆ ಕೊಂಡವನಿಗೆ ಬಿಚ್ಚುವ ಹಕ್ಕಿದೆ ಅಂತ ಒಪ್ಪಿದ್ದ. ಈಗ ಫೋನಿನಿಂದ ಟ್ರ್ಯಾಕ್ಟರಿನವರೆಗೆ ಮುಚ್ಚಿದ ಡಬ್ಬಿ. ಒಂದು ಸೆನ್ಸರಿಗೆ ಇಡೀ ಬೋರ್ಡು, ಒಂದು ಬೋರ್ಡಿಗೆ ಇಡೀ ಯಂತ್ರ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಸಮಿತಿ ಗುರುತಿಸಿದ ವಲಯಗಳಲ್ಲಿ ಕೃಷಿ ಯಂತ್ರಗಳೂ ಇವೆ. ರೈತರು ಇದನ್ನು ಬರೀ ಸುದ್ದಿ ಅಂತ ಓದಿ ಬಿಡಬಾರದು. ನಕ್ಷೆ ಕೊಡಿ ಅಂತ ಕೇಳುವ ಬಾಯಿ ನಮಗಿರಬೇಕು. ನಕ್ಷೆ ಕೊಟ್ಟರೆ ಓದುವ ಕಣ್ಣು ನಮ್ಮ ಮಕ್ಕಳಿಗಿರಬೇಕು.

ಆ ಕಣ್ಣು ಬರಲಿಕ್ಕೆ ಹಳೇ ಬೋರ್ಡಿಗಿಂತ ಒಳ್ಳೇ ಪಾಠಶಾಲೆ ಇಲ್ಲ ಅನ್ನುವುದು ನನ್ನ ಅನುಭವದ ಮಾತು. ಹೊಸ ಫೋನಿನ ಬೋರ್ಡಿನಲ್ಲಿ ಎಲ್ಲವೂ ಸಾಸಿವೆ ಕಾಳಿಗಿಂತ ಸಣ್ಣದು. 486 ಬೋರ್ಡಿನಲ್ಲಿ ದಾರಿ ಕಣ್ಣಿಗೆ ಕಾಣುತ್ತದೆ, ಚಿಪ್ಪಿನ ಮೇಲೆ ಹೆಸರಿದೆ, ತಪ್ಪಿದ್ದರೆ ಕೂಗಿ ಹೇಳುತ್ತದೆ. ಐಟಿಐ ಓದುವ ಹುಡುಗ ಇಂಥ ಒಂದು ಬೋರ್ಡನ್ನು ಎಬ್ಬಿಸಿದರೆ ಸ್ಟಾರ್ಟರ್ ಪ್ಯಾನೆಲ್, ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಯಾವುದಕ್ಕೂ ಹೆದರುವುದಿಲ್ಲ.

ಏನು ಮಾಡಬಹುದು?

ಮೊದಲು ಮನೆಯವರ ಕೆಲಸ. ಹಳೇ ಪೆಟ್ಟಿಗೆ ಇದ್ದರೆ ಇವತ್ತೇ ಬಿಚ್ಚಿ ಆ ಪೀಪಾಯಿ ಬ್ಯಾಟರಿಯನ್ನು ತೆಗೆಸಿ. ಐದು ನಿಮಿಷದ ಕೆಲಸ, ಇಪ್ಪತ್ತು ವರ್ಷದ ಆಯುಷ್ಯ. ಜೊತೆಗಿದ್ದ ಫ್ಲಾಪಿ, ಕಾರ್ಡು, ಪ್ರಿಂಟರ್ ಬೀಗ, ಕೈಪಿಡಿ ಇವನ್ನು ಒಂದೇ ಚೀಲಕ್ಕೆ ಕಟ್ಟಿ, ಯಾರ ಯಂತ್ರ, ಯಾವ ಕಾಲದ್ದು ಅಂತ ಚೀಟಿ ಅಂಟಿಸಿ. ಎರಡನೇದು ಸಂಘಗಳ ಕೆಲಸ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಖರ್ಚಿನಲ್ಲಿ ಒಂದು ತಾಲೂಕಿಗೆ ಒಂದು ಹಳೇ ಯಂತ್ರವನ್ನು ಓಡುವ ಸ್ಥಿತಿಯಲ್ಲಿ ಇಡಬಹುದು. ಸುತ್ತಿನ ಊರಿನವರು ಫ್ಲಾಪಿ, ಡಿಸ್ಕು ತಂದು ಇಳಿಸಿಕೊಂಡು ಹೋಗಲಿ. ಮೂರನೇದು ಸರ್ಕಾರದ್ದು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡದ ಕೆಲಸಗಳಿಗೂ ನೆರವು ಕೊಡುತ್ತದೆ. ಭವನ ಕಟ್ಟಲಿಕ್ಕೆ ಅರ್ಜಿ ಹಾಕುವವರು ಒಮ್ಮೆ ಇಂಥ ಕೆಲಸಕ್ಕೂ ಅರ್ಜಿ ಹಾಕಿ ನೋಡಲಿ. ಭವನ ನಾಳೆಯೂ ಕಟ್ಟಬಹುದು. ಡಿಸ್ಕಿನ ಅಯಸ್ಕಾಂತ ನಾಳೆಗೆ ಕಾಯುವುದಿಲ್ಲ.

ಕೊನೆಗೆ ಏನೂ ಉಳಿಯದ ಬೋರ್ಡಾದರೆ ಕೊಡ್ರಿ, ಬೇಡ ಅನ್ನುವುದಿಲ್ಲ. ಆದರೆ ತಿಪ್ಪೆಯ ಬೆಂಕಿಗೆ ಹಾಕಬೇಡಿ. ಆ ಕಾಲದ ಬೆಸುಗೆಯಲ್ಲಿ ಸೀಸವಿದೆ, ಬ್ಯಾಟರಿಯಲ್ಲಿ ಕ್ಯಾಡ್ಮಿಯಂ ಇದೆ. ಅದು ಹೊಲಕ್ಕೆ ಇಳಿದರೆ ಯಾವ ಜಿಪ್ಸಮ್ಮಿಗೂ ಬಗ್ಗುವ ಚೌಳಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು.

ಹೊಸದನ್ನು ಕೊಳ್ಳಬೇಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹೊಸ ಬೀಜ ತಂದವನೂ ಬಿತ್ತುವ ಮುಂಚೆ ಹಳೇ ಕಣಜವನ್ನು ಗುಡಿಸಿ ನೋಡುತ್ತಾನೆ, ಮೂಲೆಯಲ್ಲಿ ಒಂದು ಹಿಡಿ ನಾಟಿ ಬೀಜ ಉಳಿದಿದೆಯೇನೋ ಅಂತ. ಅಷ್ಟು ನೋಡಿರಿ, ಸಾಕು. ತಕ್ಕಡಿಯವನು ನಾಳೆಯೂ ಬರುತ್ತಾನೆ.